ಮೊದಲು ಬೇರು ತೋರಿಸಿ, ಆಮೇಲೆ ಗಿಡ ಕೊಡುವ ನರ್ಸರಿ

ನಮ್ಮದು ಶಿರಸಿ ಕಡೆಯ ಅಡಿಕೆ ತೋಟ. ತೋಟಕ್ಕೆ ತಾಗಿದ ಬ್ಯಾಣದ (ಹುಲ್ಲುಗಾವಲಿನ) ಅಂಚಿಗೆ ಸಾಲಾಗಿ ಬಿದಿರು ಹಚ್ಚಬೇಕು ಅಂತ ನನಗೆ ಬಹಳ ವರ್ಷದ ಆಸೆ. ಗಾಳಿಗೂ ತಡೆ, ಅಡಿಕೆ ಕೊಯ್ಯುವ ದೋಟಿಗೂ ಗಳ ಸಿಗುತ್ತದೆ. ಎರಡು ವರ್ಷದ ಹಿಂದೆ ಪೇಟೆ ಹತ್ತಿರದ ದೊಡ್ಡ ನರ್ಸರಿಯೊಂದರಿಂದ ಆಳೆತ್ತರದ ಎಂಟು ಗಿಡ ತಂದಿದ್ದೆ. ಒಂದಕ್ಕೆ 350 ರೂಪಾಯಿ. ಅದೂ ಮಾರ್ಚ್ ಬಿಸಿಲಲ್ಲಿ. ದೀಪಾವಳಿ ಹೊತ್ತಿಗೆ ಆರು ಒಣಗಿದ್ದವು. ಒಂದನ್ನು ಕಿತ್ತು ನೋಡಿದರೆ ಬುಡದಲ್ಲಿ ಗಡ್ಡೆಯೇ ಇಲ್ಲ. ಮೆಳೆಯಿಂದ ಗಳ ಕಡಿದು ಪ್ಲಾಸ್ಟಿಕ್ ಕೊಟ್ಟೆಯ ಮಣ್ಣಿಗೆ ಚುಚ್ಚಿದ್ದರು, ಅಷ್ಟೇ. ಅವತ್ತು ತುಂಬಾ ಸಂಕಟವಾಯಿತು.

ಹೋದ ವರ್ಷ ನೆಂಟರು ಹೇಳಿದ ಚಿಕ್ಕ ನರ್ಸರಿಗೆ ಹೋದೆ. ಯಲ್ಲಾಪುರ ರಸ್ತೆಯಲ್ಲಿ, ಮನೆ ಹಿಂದಿನ ಜಾಗದಲ್ಲೇ ಗಂಡ ಹೆಂಡತಿ ನಡೆಸುತ್ತಾರೆ. ನಾನು ಹೋಗಿದ್ದು ಏಪ್ರಿಲ್‌ನಲ್ಲಿ. ಅವರು ಗಿಡ ಕೊಡಲೇ ಇಲ್ಲ! "ಈಗ ಗುಂಡಿ ತೆಗೆದು ಬಿಸಿಲಿಗೆ ಬಿಡಿ, ಮಳೆ ಹಿಡಿದ ಮೇಲೆ ಬನ್ನಿ" ಅಂದರು. ಮಾರೋದಕ್ಕೆ ಕುಳಿತವರು ಹೀಗೆ ಹೇಳುವುದನ್ನು ನಾನು ಮೊದಲು ಕೇಳಿರಲಿಲ್ಲ.

ಜೂನ್ ಮಧ್ಯದಲ್ಲಿ ಮತ್ತೆ ಹೋದೆ. ಎರಡಡಿ ಎತ್ತರದ ಮಾರಿಹಾಳ ಬಿದಿರಿನ ಸಸಿ, 60 ರೂಪಾಯಿ. ಮುಳ್ಳಿಲ್ಲದ ಜಾತಿ, ಗಳ ಒಳಗೂ ಗಟ್ಟಿ. ನೋಡಲು ಸಪೂರ ಕಡ್ಡಿಗಳು. ನನ್ನ ಮುಖ ನೋಡಿ ಆ ಅಮ್ಮ ಒಂದು ಕೊಟ್ಟೆ ಹರಿದು ಬೇರು ತೋರಿಸಿದರು. ಬಿಳಿ ಬೇರು ಮಣ್ಣನ್ನು ಬಿಗಿಯಾಗಿ ಹಿಡಿದಿತ್ತು. ಬುಡದಲ್ಲಿ ಹೆಬ್ಬೆರಳಷ್ಟು ಗಡ್ಡೆ, ಅದರಲ್ಲಿ ಎರಡು ಕಣ್ಣು. ಬಿದಿರು ಹುಲ್ಲಿನ ಜಾತಿ ಅಲ್ವಾ, ಮುಂದಿನ ಕಳಲೆ ಏಳುವುದು ಈ ಕಣ್ಣಿನಿಂದ. ಮೇಲಿನ ಎತ್ತರ ನೋಡಿ ದುಡ್ಡು ಕೊಟ್ಟಿದ್ದೇ ನನ್ನ ಹಿಂದಿನ ತಪ್ಪು.

ಇಪ್ಪತ್ತು ಸಸಿ ತಂದೆ. ಅವರು ಹೇಳಿದ ಹಾಗೇ ನೆಟ್ಟೆ. ಹಿಂದಿನ ದಿನ ಸಸಿಗೆ ಚೆನ್ನಾಗಿ ನೀರು. ಕೊಟ್ಟೆಯನ್ನು ಬ್ಲೇಡಿನಿಂದ ಸೀಳಬೇಕು, ಗಿಡ ಹಿಡಿದು ಎಳೆಯಬಾರದು. ಮಣ್ಣಿನ ಮುದ್ದೆ ಒಡೆಯಬಾರದು. ಎರಡಡಿ ಗುಂಡಿ, ಹದಿನೈದು ಅಡಿ ಅಂತರ. ಕೊಟ್ಟೆಯಲ್ಲಿ ಎಷ್ಟು ಆಳಕ್ಕಿತ್ತೋ ಅಷ್ಟೇ ಆಳಕ್ಕೆ ಕೂರಿಸಿ, ಕಾಲಿನಿಂದ ಮಣ್ಣು ಒತ್ತಿ, ಮೇಲೆ ದಪ್ಪಗೆ ದರಕು (ಒಣ ಎಲೆ) ಹಾಕಬೇಕು. ಹದಿನೆಂಟು ಬದುಕಿವೆ. ಒಂದನ್ನು ದನ ತಿಂದಿತು. ಇನ್ನೊಂದು ನಾನು ತಗ್ಗಿನಲ್ಲಿ ನೆಟ್ಟಿದ್ದು, ನೀರು ನಿಂತು ಕೊಳೆಯಿತು.

ಇವರಲ್ಲಿ ಗಿಡ ಎತ್ತಿ ಬೇರೆ ಕಡೆ ನೆಡುವ ಸೇವೆಯೂ ಇದೆ. ತವರುಮನೆಯ ಹಳದಿ ಬಿದಿರಿನ ಒಂದು ತುಂಡು ನನ್ನ ಅಂಗಳದಲ್ಲಿ ಇರಬೇಕು ಅನ್ನಿಸಿತ್ತು. ಅವರ ಹುಡುಗ ಬಂದ, 800 ರೂಪಾಯಿ. ಮೆಳೆಯ ಹೊರಬದಿಯಲ್ಲಿ ಹಿಂದಿನ ಮಳೆಗಾಲದ ಗಳವನ್ನೇ ಆರಿಸಿದ. ಹಳೇ ಗಳದ ಗಡ್ಡೆಯಲ್ಲಿ ಕಸುವಿರುವುದಿಲ್ಲವಂತೆ. ಸುತ್ತ ಮಣ್ಣು ಬಿಡಿಸಿ, ಗಡ್ಡೆಯ ಕುತ್ತಿಗೆಯನ್ನು ಗರಗಸದಿಂದ ಕೊಯ್ದ. ಗುದ್ದಲಿ ಹೊಡೆದರೆ ಕಣ್ಣು ಜಜ್ಜಿ ಹೋಗುತ್ತದೆ. ಗಳವನ್ನು ನಾಲ್ಕು ಅಡಿಗೆ ಕತ್ತರಿಸಿ, ಬುಡಕ್ಕೆ ಒದ್ದೆ ಗೋಣಿ ಸುತ್ತಿ ಕೊಟ್ಟ. ಬೇರಿಗೆ ಗಾಳಿ ತಾಗಿದಷ್ಟೂ ಕಷ್ಟ, ಸಂಜೆಯೊಳಗೆ ನೆಡಲೇಬೇಕು ಅಂದ. ಮನೆ ಮುಟ್ಟಿದ ಕೂಡಲೇ ನೆಟ್ಟೆವು.

ಮೂರೇ ವಾರದಲ್ಲಿ ಎಲೆ ಎಲ್ಲ ಉದುರಿತು. ಗಾಬರಿಯಾಗಿ ಫೋನ್ ಮಾಡಿದೆ. "ಉಗುರಿನಿಂದ ಗಳ ಕೆರೆದು ನೋಡಿ, ಹಸಿ ಇದ್ದರೆ ಸುಮ್ನೆ ಬಿಡಿ" ಅಂದರು. ಹಸಿ ಇತ್ತು. ಚೌತಿ ಕಳೆದ ಮೇಲೆ ಒಂದು ಬೆಳಿಗ್ಗೆ ಮಣ್ಣು ಸೀಳಿ ಕಳಲೆ ಎದ್ದಿತ್ತು. ತವರಿನಲ್ಲಿರುವ ನನ್ನ ಅಮ್ಮನಿಗೆ ಆಗಲೇ ಫೋಟೋ ಕಳಿಸಿದೆ.

ಕೊರತೆಗಳೂ ಇವೆ. ಗಿಡಗಳಿಗೆ ಹೆಸರಿನ ಚೀಟಿ ಇಲ್ಲ. ಯಾವ ಜಾತಿ ಅಂತ ಕೇಳಿ ಕೇಳಿ ಬರೆದುಕೊಳ್ಳಬೇಕು. ಗಿಡ ಮನೆಗೆ ತಲುಪಿಸುವುದಿಲ್ಲ. ಮಳೆಗಾಲದಲ್ಲಿ ಫೋನ್ ಸಿಗುವುದು ಕಷ್ಟ. ಒಂದೇ ವರ್ಷದಲ್ಲಿ ಕಾಂಪೌಂಡ್ ಮರೆಯಾಗಬೇಕು ಅನ್ನುವವರಿಗೆ ಈ ಸಪೂರ ಸಸಿ ಹಿಡಿಸಲಿಕ್ಕಿಲ್ಲ.

ಈ ಜೂನ್‌ಗೆ ಇನ್ನೂ ಮೂವತ್ತು ಸಸಿ ಹೇಳಿಟ್ಟಿದ್ದೇನೆ. ನೀವು ಹೋಗುವುದಾದರೆ ಬೆಳಿಗ್ಗೆ ಬೇಗ ಹೋಗಿ. ಗೋಣಿಚೀಲ ನೀವೇ ಒಯ್ಯಿರಿ.