ತೋಟದ ದುಡ್ಡಲ್ಲಿ ಸಿಪಿಎಲ್: ಲೈಸೆನ್ಸ್ ಕೈಗೆ ಬಂದ ಮೇಲೆ ಬರೆದ ವಿಮರ್ಶೆ

ಸಿಪಿಎಲ್ ಅಂದರೆ ಕಮರ್ಷಿಯಲ್ ಪೈಲಟ್ ಲೈಸೆನ್ಸ್, ಸಂಬಳಕ್ಕೆ ವಿಮಾನ ಓಡಿಸುವ ಪರವಾನಗಿ. ಅದಕ್ಕೆ ತರಬೇತಿ ಕೊಟ್ಟ ಸಂಸ್ಥೆಗೆ ಐದಕ್ಕೆ ಮೂರು ಸ್ಟಾರ್. ಹಾರಲು ಕಲಿಸಿದವರಿಗೆ ಐದೂ ಕೊಡುತ್ತೇನೆ, ಫೀಸ್ ಕಟ್ಟಿಸಿಕೊಂಡ ಆಫೀಸಿಗೆ ಒಂದು. ಸಂಸ್ಥೆಯ ಹೆಸರು ಬೇಡ. ಬೇರೆ ಕಡೆ ಕಲಿತ ಗೆಳೆಯರ ಕತೆಯೂ ಹೆಚ್ಚುಕಡಿಮೆ ಇದೇ.

ನಮ್ಮದು ಗೋಣಿಕೊಪ್ಪದ ಕಡೆ ಸಣ್ಣ ಹಿಡುವಳಿ. ರೋಬಸ್ಟಾ ಕಾಫಿ, ಮರಕ್ಕೆ ಹಬ್ಬಿಸಿದ ಕರಿಮೆಣಸು, ಅಷ್ಟೇ. ಕೊಡಗಿನಲ್ಲಿ ಪೈಲಟ್ ಆಗ್ತೀನಿ ಅಂದರೆ ಎದುರಿನವರು ಕೇಳುವುದು 'ಏರ್‌ಫೋರ್ಸಾ?' ಅಂತಲೇ. 1965ರ ಯುದ್ಧದಲ್ಲಿ ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ದಾಳಿಗೆ ಹೋಗಿ ಅವರ ಸ್ಟಾರ್‌ಫೈಟರ್ ಯುದ್ಧವಿಮಾನ ಉರುಳಿಸಿದ ಅಜ್ಜಮಾಡ ದೇವಯ್ಯನವರ ನಾಡು, ಕೇಳದೆ ಇರುತ್ತಾರಾ? ಆ ದಾರಿಯಲ್ಲಿ ಖರ್ಚು ಸರ್ಕಾರದ್ದು. ಕಮರ್ಷಿಯಲ್ ಲೈಸೆನ್ಸ್ ಅಂದರೆ ಹಾರುವ ಪ್ರತಿ ಗಂಟೆಗೂ ನಮ್ಮ ಜೇಬು.

ಬ್ಯಾಂಕಿನಿಂದ ಶುರು ಮಾಡುತ್ತೇನೆ, ನಮ್ಮ ಕಡೆಯವರಿಗೆ ಮೊದಲು ಎಡವುವ ಕಲ್ಲು ಅದೇ. ಶಿಕ್ಷಣ ಸಾಲ ಏಳೂವರೆ ಲಕ್ಷ ದಾಟಿದರೆ ಆಸ್ತಿ ಅಡವು ಕೇಳುತ್ತಾರೆ. ಆಸ್ತಿ ಇದೆ, ಆದರೆ ಅದು ಜಮ್ಮಾ, ಅಂದರೆ ಇಡೀ ಒಕ್ಕಕ್ಕೆ (ಮನೆತನಕ್ಕೆ) ಸೇರಿದ ಕೊಡಗಿನ ಪಿತ್ರಾರ್ಜಿತ ಭೂಮಿ. ಮ್ಯಾನೇಜರ್ ಆರ್‌ಟಿಸಿ ಬಿಡಿಸಿ, ಪಟ್ಟೆದಾರರ ಹೆಸರಿನ ಕೆಳಗೆ ಸಾಲಾಗಿ ನಿಂತ ನಮ್ಮ ಒಕ್ಕದವರ ಹೆಸರುಗಳ ಮೇಲೆ ಪೆನ್ನು ಓಡಿಸುತ್ತಾ, 'ಇಷ್ಟೂ ಜನರ ಸಹಿ ತರ್ತೀರಾ?' ಅಂದರು. ಅದರಲ್ಲಿ ಕೆಲವರು ತೀರಿಕೊಂಡು ವರ್ಷಗಳಾಗಿವೆ. ಕೊನೆಗೆ ಅಪ್ಪನ ಒಬ್ಬರದೇ ಹೆಸರಿನಲ್ಲಿದ್ದ ಮನೆ ಸೈಟಿನ ಮೇಲೆ ಸಿಕ್ಕಷ್ಟು ಸಾಲ ತೆಗೆದೆವು. ಉಳಿದದ್ದು ರೆಸಾರ್ಟ್ ಕೆಲಸದ ಸಂಬಳ ಮತ್ತು ಕಾಫಿ. 2024ರಲ್ಲಿ ರೋಬಸ್ಟಾ ಚೆರ್ರಿ (ಒಣಗಿಸಿದ ಕಾಫಿ ಹಣ್ಣು) ಐವತ್ತು ಕೆಜಿ ಚೀಲಕ್ಕೆ ಹತ್ತು ಸಾವಿರ ಮುಟ್ಟಿದ್ದು ನನ್ನ ಪುಣ್ಯ.

ಹಾರಾಟಕ್ಕೆ ಒಂದು ರೂಪಾಯಿ ಕಟ್ಟುವ ಮೊದಲು ಬೆಂಗಳೂರಿನ ಇನ್‌ಸ್ಟಿಟ್ಯೂಟ್ ಆಫ್ ಏರೋಸ್ಪೇಸ್ ಮೆಡಿಸಿನ್‌ನಲ್ಲಿ ಕ್ಲಾಸ್ ಒನ್ ಮೆಡಿಕಲ್, ಅಂದರೆ ಕಮರ್ಷಿಯಲ್ ಲೈಸೆನ್ಸಿಗೆ ಬೇಕಾದ ಆರೋಗ್ಯ ತಪಾಸಣೆ ಮುಗಿಸಿದೆ. ಶುರುವಿಗೆ ಕ್ಲಾಸ್ ಟೂ ಸಾಕು ಅನ್ನುತ್ತಾರೆ. ಅರ್ಧ ದುಡ್ಡು ಸುರಿದ ಮೇಲೆ ಕಣ್ಣಿನದೋ ಕಿವಿಯದೋ ತಕರಾರು ಬಂದರೆ ಯಾರ ಹತ್ತಿರ ಅಳುವುದು? ನಾಗರಿಕ ವಿಮಾನಯಾನವನ್ನು ನಿಯಂತ್ರಿಸುವ ಡಿಜಿಸಿಎಯ ಪೇಪರ್‌ಗಳನ್ನೂ ಮನೆಯಲ್ಲೇ ಓದಿ ಬರೆದೆ. ಪಾಸಾಗಲು ಶೇ 70 ಬೇಕು. ಮೆಟಿಯರಾಲಜಿ (ಹವಾಮಾನ ಶಾಸ್ತ್ರ) ಓದಿದ್ದು ಜುಲೈ ತಿಂಗಳ ಕರೆಂಟಿಲ್ಲದ ರಾತ್ರಿಗಳಲ್ಲಿ, ಪಾಠ ಹಂಚಿನ ಮೇಲೇ ಸುರಿಯುತ್ತಿತ್ತು. ಇದರಿಂದ ಹಾಸ್ಟೆಲ್ ಬಾಡಿಗೆ, ಮೆಸ್ ಖರ್ಚು ಎಷ್ಟೋ ಉಳಿಯಿತು.

ಈಗ ಸಂಸ್ಥೆಯ ವಿಷಯ. ಒಟ್ಟಿಗೆ ಕಟ್ಟಿದರೆ ರಿಯಾಯಿತಿ ಅಂದರು. ನಾನು ಒಪ್ಪಲಿಲ್ಲ, ಹತ್ತು ಹತ್ತು ಗಂಟೆಗೆ ಕಟ್ಟುತ್ತಾ ಹೋದೆ. ಗಂಟೆಯ ದರ ಸ್ವಲ್ಪ ಜಾಸ್ತಿ ಬಿತ್ತು, ಬೀಳಲಿ. ಪೂರ್ತಿ ಕಟ್ಟಿದ ಸಹಪಾಠಿಯೊಬ್ಬರು ಮಧ್ಯದಲ್ಲಿ ಬಿಟ್ಟು ಹೋಗಿ, ಉಳಿದ ದುಡ್ಡಿಗೆ ಇನ್ನೂ ಇಮೇಲ್ ಬರೆಯುತ್ತಿದ್ದಾರೆ.

ಎಲ್ಲರೂ ವಿಚಾರಿಸುವುದು ಗಂಟೆಗೆ ಎಷ್ಟು ಅಂತ. ದುಡ್ಡು ತಿನ್ನುವುದು ಕಾಯುವ ದಿನಗಳು. ಬೆಳಿಗ್ಗೆ ಆರಕ್ಕೆ ಯಾರಿಗೆ ಯಾವ ವಿಮಾನ ಎಂದು ಹಂಚುವ ಡಿಸ್ಪ್ಯಾಚ್ ರೂಮಿಗೆ ಹೋದರೆ ಬಿಳಿ ಬೋರ್ಡಿನಲ್ಲಿ ವಿಮಾನಗಳ ನಂಬರ್, ಪಕ್ಕದಲ್ಲಿ ವಿದ್ಯಾರ್ಥಿಗಳ ಹೆಸರು. ಒಂದು ಸೆಸ್ನಾ ತರಬೇತಿ ವಿಮಾನ ಐವತ್ತು ಗಂಟೆಯ ಚೆಕ್ಕಿಗೆ, ಇನ್ನೊಂದು ನೂರು ಗಂಟೆಯದಕ್ಕೆ ಹ್ಯಾಂಗರ್‌ನಲ್ಲಿ. ಮೂರನೆಯದರ ಮುಂದೆ ಕೆಂಪು ಶಾಯಿಯಲ್ಲಿ 'ಯು/ಎಸ್', ಅಂದರೆ ಕೆಟ್ಟು ನಿಂತಿದೆ, ಬಿಡಿಭಾಗ ಬರಬೇಕು. ಹಾರುವ ಒಂದಕ್ಕೆ ಇಡೀ ಬ್ಯಾಚ್ ಮುಗಿಬೀಳಬೇಕು. ಅಷ್ಟರಲ್ಲಿ ಬಿಸಿಲೇರುತ್ತದೆ, ಇಲ್ಲವೇ ಮೋಡ ಇಳಿದು ವಿಸಿಬಿಲಿಟಿ ಐದು ಕಿಲೋಮೀಟರ್‌ಗಿಂತ ಕೆಳಗೆ ಹೋಗುತ್ತದೆ. ಒಬ್ಬರೇ ಹಾರುವ ಸೋಲೋ ರದ್ದು. ರೂಮಿನ ಬಾಡಿಗೆಗೆ ರಜೆ ಇಲ್ಲ.

ಈ ಕಾಯುವಿಕೆಗೆ ಲೈಸೆನ್ಸಿನ ನಿಯಮವೂ ಗಂಟುಬಿದ್ದಿದೆ. ಒಟ್ಟು 200 ಗಂಟೆ ಐದು ವರ್ಷದೊಳಗಿನದಿರಬೇಕು. ಅದರಲ್ಲಿ ಪೈಲಟ್ ಇನ್ ಕಮಾಂಡ್ (ವಿಮಾನದ ಪೂರ್ತಿ ಹೊಣೆ ಹೊತ್ತವರು) ಆಗಿ 100, ಆ ನೂರರಲ್ಲೂ 15 ಗಂಟೆ ಅರ್ಜಿಗೆ ಮುಂಚಿನ ಆರು ತಿಂಗಳಲ್ಲಿ ಹಾರಿದ್ದು. ಪರೀಕ್ಷಕರಿಗೆ ಹಾರಿಸಿ ತೋರಿಸುವ ಸ್ಕಿಲ್ ಟೆಸ್ಟಿಗೂ ಅದೇ ಆರು ತಿಂಗಳು. ಕೊನೆಗೆ ಬಂದಾಗ ವಿಮಾನ ಸಿಗದೆ ಕೂತರೆ, ಹಾರಿದ್ದನ್ನೇ ಮತ್ತೆ ದುಡ್ಡು ಕೊಟ್ಟು ಹಾರಬೇಕು. ನನ್ನ ಬ್ಯಾಚಿನಲ್ಲಿ ಆಗಿದೆ.

ಇನ್ನೊಂದು ವಿಷಯ ಪ್ರಾಸ್ಪೆಕ್ಟಸ್‌ನಲ್ಲಿ ಇರುವುದಿಲ್ಲ. ಬಿಲ್ಲು ಓಡುವುದು ವಿಮಾನ ಜಾಗ ಬಿಟ್ಟಾಗಿನಿಂದ ಮತ್ತೆ ಬಂದು ನಿಲ್ಲುವವರೆಗೆ. ಪ್ರಯಾಣಿಕ ವಿಮಾನಗಳೂ ಬರುವ ನಿಲ್ದಾಣವಾದರೆ, ಎಟಿಆರ್ ವಿಮಾನ ಇಳಿಯಲಿ ಎಂದು ರನ್‌ವೇ ಪಕ್ಕದ ಹೋಲ್ಡಿಂಗ್ ಪಾಯಿಂಟ್‌ನಲ್ಲಿ ಇಂಜಿನ್ ಓಡಿಸುತ್ತಾ ನಿಂತ ಹೊತ್ತೂ ಲಾಗ್‌ಬುಕ್ಕಿಗೆ ಸೇರುತ್ತದೆ, ಬಿಲ್ಲಿಗೂ ಸೇರುತ್ತದೆ. ಗಂಟೆ ತುಂಬುತ್ತದೆ, ಸರ್ಕ್ಯೂಟ್ (ರನ್‌ವೇ ಸುತ್ತ ಹಾರಿ ಇಳಿಯುವ ಅಭ್ಯಾಸ) ಕಡಿಮೆಯಾಗುತ್ತದೆ.

ಸೇರುವ ಮುಂಚೆ ರಜೆಯಲ್ಲದ ಒಂದು ದಿನ ಹೇಳದೆ ಕೇಳದೆ ಹೋಗಿ ಆ ಬೋರ್ಡ್ ನೋಡಿ, ಕ್ಯಾಂಟೀನಿನಲ್ಲಿ ಹಳೆಯ ವಿದ್ಯಾರ್ಥಿಗಳ ಜೊತೆ ಚಹಾ ಕುಡಿಯಿರಿ. 2025ರ ಅಕ್ಟೋಬರ್‌ನಿಂದ ಡಿಜಿಸಿಎ ಸಂಸ್ಥೆಗಳಿಗೆ ಶ್ರೇಣಿ ಕೊಡಲು ಶುರುಮಾಡಿದೆ, ಮೊದಲ ಪಟ್ಟಿಯಲ್ಲಿ ಎಲ್ಲಕ್ಕಿಂತ ಮೇಲಿನ ಎ ಪ್ಲಸ್ ಪ್ಲಸ್ ಯಾರಿಗೂ ಸಿಗಲಿಲ್ಲ. ಅದನ್ನೂ ನೋಡಿ. ಅಂದಾಜು ಪಟ್ಟಿಯಲ್ಲಿ ಶೇ 18 ಜಿಎಸ್‌ಟಿ ಕಂಡರೆ ಯಾಕೆ ಎಂದು ಕೇಳಿ. ಡಿಜಿಸಿಎ ಮಾನ್ಯತೆಯ ಹಾರಾಟ ತರಬೇತಿಗೆ ವಿನಾಯಿತಿ ಇದೆ ಎಂದು 2024ರಲ್ಲೇ ಸ್ಪಷ್ಟಪಡಿಸಿದ್ದಾರೆ.

ಸಾಮಾನಿನ ಪೈಕಿ ಸೆಕೆಂಡ್ ಹ್ಯಾಂಡ್ ಡೇವಿಡ್ ಕ್ಲಾರ್ಕ್ ಹೆಡ್‌ಸೆಟ್‌ಗೆ ಪೂರ್ತಿ ಅಂಕ. ಮಳೆಗಾಲಕ್ಕೆ ಊರಿಗೆ ತಂದಾಗ ಕಿವಿಯ ಕುಶನ್‌ಗೆ ಬೂಷ್ಟು ಹಿಡಿಯಿತು, ಕುಶನ್ ಮಾತ್ರ ಬದಲಾಯಿಸಿದೆ, ಮೈಕು ಇವತ್ತಿಗೂ ಗಟ್ಟಿ. ಹೊಸದಕ್ಕೆ ದುಡ್ಡು ಹಾಕಬೇಡಿ.

ಇನ್‌ಸ್ಟ್ರಕ್ಟರ್‌ಗಳಿಗೆ ಐದೂ ಸ್ಟಾರ್ ಕೊಟ್ಟಿದ್ದಕ್ಕೆ ಕಾರಣವಿದೆ. 300 ನಾಟಿಕಲ್ ಮೈಲಿಯ ಕ್ರಾಸ್ ಕಂಟ್ರಿಗೆ (ದೂರದ ನಿಲ್ದಾಣಗಳಿಗೆ ಹಾರಿ ಬರುವುದಕ್ಕೆ) ಒಬ್ಬರನ್ನೇ ಕಳಿಸುವ ಮುಂಚೆ ನಕ್ಷೆಯ ಮೇಲೆ ನನ್ನಿಂದ ಕೆರೆ, ರೈಲು ಹಳಿ, ಗುಡ್ಡ ಒಂದೊಂದನ್ನೂ ಹೇಳಿಸಿದರು. ತಪ್ಪಿದರೆ ಮತ್ತೆ ಮೊದಲಿಂದ. ಆ ಹೊತ್ತಿಗೆ ಬಿಲ್ಲೇ ಇರಲಿಲ್ಲ.

ಈಗ ಎಲ್ಲರೂ ಎ320 ಟೈಪ್ ರೇಟಿಂಗ್, ಅಂದರೆ ಆ ಏರ್‌ಬಸ್ ವಿಮಾನ ಓಡಿಸಲು ಬೇಕಾದ ಪ್ರತ್ಯೇಕ ಅರ್ಹತೆ, ಮಾಡಿಸು ಅನ್ನುತ್ತಾರೆ. ಅದಕ್ಕೆ ಮತ್ತೆ ಹದಿನೈದು ಲಕ್ಷದ ಲೆಕ್ಕ. ಏರ್‌ಲೈನ್‌ನಿಂದ ಪತ್ರ ಕೈಗೆ ಬರುವವರೆಗೆ ನಾನು ಆ ದುಡ್ಡು ಬಿಚ್ಚುವುದಿಲ್ಲ. ಅಲ್ಲಿಯವರೆಗೆ ರೆಸಾರ್ಟಿನ ಫ್ರಂಟ್ ಆಫೀಸ್ ಕೆಲಸ ಮುಂದುವರಿದಿದೆ, ಈ ವರ್ಷದ ಮೆಣಸು ಬ್ಯಾಂಕಿನ ಬಡ್ಡಿಗೆ.