ಆಟೋ ಹುಡ್ ರೆಕ್ಸಿನ್ ಕ್ಯಾಂಪಿಂಗ್ ಟ್ರೈಲರ್‌ಗೆ ಆಗುತ್ತಾ?

ಆಗುತ್ತದೆ. ಆದರೆ ಕೆಲಸ ನಡೆಯುವಾಗ ನೀವು ಪಕ್ಕದಲ್ಲೇ ನಿಂತಿರಬೇಕು.

ನಮ್ಮ ಮನೆಯವರು ಮನೆ ಹಿತ್ತಲಲ್ಲೇ ಒಂದು ಟಿಯರ್‌ಡ್ರಾಪ್ ಟ್ರೈಲರ್ ಕಟ್ಟಿದ್ದಾರೆ, ಅಂದರೆ ಕಾರಿನ ಹಿಂದೆ ಎಳೆದುಕೊಂಡು ಹೋಗುವ, ನೀರಿನ ಹನಿ ಆಕಾರದ ಪುಟ್ಟ ಗಾಡಿ. ಮುಂದೆ ಗುಂಡಗೆ, ಹಿಂದೆ ಇಳಿಜಾರು. ಒಳಗೆ ಇಬ್ಬರು ಮಲಗುವಷ್ಟೇ ಜಾಗ, ಹಿಂದಿನ ಬಾಗಿಲು ಎತ್ತಿದರೆ ಒಲೆ ಇಡುವ ಕಟ್ಟೆ. ಅಮೆರಿಕದಲ್ಲಿ 1930ರ ದಶಕದಿಂದಲೇ ಜನ ಇಂಥದ್ದನ್ನು ಕೈಯಾರೆ ಮಾಡಿಕೊಳ್ಳುತ್ತಿದ್ದರಂತೆ. ಅಲ್ಲಿ ಮೇಲೆ ಅಲ್ಯುಮಿನಿಯಂ ಹೊದಿಸುವುದು ಜಾಸ್ತಿ. ನಮಗೆ ಅದರ ರೇಟ್ ಕೇಳಿಯೇ ಸಾಕಾಯ್ತು. ಪ್ಲೈವುಡ್ಡನ್ನು ಹಾಗೇ ಬಿಡೋಕೂ ಆಗಲ್ಲ, ಮಳೆಗೆ ಪದರ ಬಿಡುತ್ತದೆ. ಗಂಗಾವತಿಯಲ್ಲಿ ಆಟೋ ಹುಡ್, ಸೀಟ್ ಕವರ್ ಮಾಡುವ ಒಂದು ಅಂಗಡಿಗೆ ಹೋದೆವು.

ನಾನು ಟೈಲರ್. ಯಾವ ಬಟ್ಟೆಯಾದರೂ ಮೊದಲು ತಿರುಗಿಸಿ ಬೆನ್ನು ನೋಡುತ್ತೇನೆ. ರೆಕ್ಸಿನ್ ಬೆನ್ನಿಗೆ ನೇಯ್ದ ಬಟ್ಟೆ ಇದ್ದರೆ ಅದು ಎಳೆದರೂ ಹಿಗ್ಗಲ್ಲ. ಬನಿಯನ್ ಥರ ಹೆಣೆದದ್ದಾದರೆ ಚೂರು ಹಿಗ್ಗುತ್ತದೆ, ಮುಂದಿನ ಗುಂಡಗಿನ ಭಾಗಕ್ಕೆ ಸುಕ್ಕಿಲ್ಲದೆ ಕೂರುತ್ತದೆ. ಅಂಗಡಿಯಲ್ಲಿ ಎರಡೂ ಇದ್ದವು. ಮಾಲು ಚೆನ್ನಾಗಿದೆ, ಅದರಲ್ಲಿ ಎರಡು ಮಾತಿಲ್ಲ.

"ಕರಿದು ಹಾಕ್ರಿ ಅಕ್ಕಾ, ಹೊಲಸು ಕಾಣಂಗಿಲ್ಲ" ಅಂದರು. ನಮ್ಮ ಕೊಪ್ಪಳ ಜಿಲ್ಲೆಯ ಬಿಸಿಲಿಗೆ ಕರಿದಾ? ಕೆನೆ ಬಣ್ಣ ತೆಗೆಸಿದೆ.

ಜಗಳ ಆಗಿದ್ದು ಚಾವಣಿ ವಿಷಯಕ್ಕೆ. ಪ್ಲೈವುಡ್ ಹಾಳೆ 8 ಅಡಿಗೆ 4 ಅಡಿ ಬರುತ್ತದಲ್ವಾ, ಟ್ರೈಲರ್ ಅಗಲವೂ ಅಷ್ಟೇ, 48 ಇಂಚು. ರೆಕ್ಸಿನ್ ಪನ್ನ, ಅಂದರೆ ಅಗಲ, 54 ಇಂಚು. ಎರಡೂ ಕಡೆ ಮೂರು ಮೂರು ಇಂಚು ಮಡಚೋಕೆ ಸಿಗುತ್ತದೆ. ಮುಂದಿನ ಬುಡದಿಂದ ಹಿಂದಿನ ಬಾಗಿಲಿನ ಕೀಲಿನವರೆಗೆ ಒಂದೇ ತುಂಡು ಹೊದಿಸಬಹುದು. ಅವರು ಮಾತ್ರ ಉಳಿದ ತುಂಡುಗಳನ್ನು ಅಡ್ಡಡ್ಡ ಜೋಡಿಸಿ ಹೊಲಿಯೋಕೆ ಹೊರಟಿದ್ದರು. ಸೂಜಿ ಹೋದಲ್ಲೆಲ್ಲ ತೂತು. ಆಟೋದಲ್ಲಿ ಸೋರಿದರೆ ಕೆಳಗೆ ಬಿದ್ದು ಒಣಗುತ್ತದೆ. ಇಲ್ಲಿ ನೀರು ರೆಕ್ಸಿನ್ನಿಗೂ ಪ್ಲೈವುಡ್ಡಿಗೂ ನಡುವೆ ಕೂತು ಮರ ಕೊಳೆಸುತ್ತದೆ. ಹೊಲಿಗೆ ಬೇಡವೇ ಬೇಡ ಅಂತ ಹಟ ಹಿಡಿದೆ.

ಅಂಟಿಸುವ ಕೈ ಒಳ್ಳೆಯದು, ಅದನ್ನು ಹೇಳಲೇಬೇಕು. ಹುಡುಗ ಮರಕ್ಕೂ ರೆಕ್ಸಿನ್ನಿಗೂ ಗಮ್ ಬಳಿದು, ಬೆರಳಿನ ಬೆನ್ನಿಂದ ಮುಟ್ಟಿ ನೋಡುತ್ತಿದ್ದ. ಅಂಟದಷ್ಟು ಆರಿದ ಮೇಲೇ ನಡುವಿನಿಂದ ಅಂಚಿಗೆ ಒತ್ತುತ್ತಾ ಬಂದ. ಒಂದು ಗುಳ್ಳೆ ಇರಲಿಲ್ಲ.

ಆದರೆ ಹಾಕಿದ್ದು ಮಾಮೂಲಿ ರಬ್ಬರ್ ಗಮ್. ರೆಕ್ಸಿನ್ ಮೆತ್ತಗಿರಲಿ ಅಂತ ಸೇರಿಸಿರುವ ಎಣ್ಣೆಯಂಥ ಪದಾರ್ಥ ನಿಧಾನಕ್ಕೆ ಬಿಟ್ಟುಕೊಂಡು ಅಂಥ ಗಮ್ಮನ್ನು ಸಡಿಲ ಮಾಡುತ್ತದೆ. ಬೇಸಿಗೆಯಲ್ಲಿ ಒಂದು ಮೂಲೆ ಎದ್ದೇ ಬಿಟ್ಟಿತು. ಹೋಗಿ ಕೇಳಿದರೆ "ಬಿಸಿಲಿಗೆ ನಾವೇನ್ ಮಾಡೋಣ್ರಿ" ಅನ್ನುವ ಉತ್ತರ. ಚಪ್ಪಲಿ ಕೆಲಸದವರು ಬಳಸುವ ಪಿಯು (ಪಾಲಿಯುರೆಥೇನ್) ಗಮ್ ತಂದು ನಮ್ಮವರೇ ಕೂರಿಸಿದರು, ಈಗ ಗಟ್ಟಿ ಇದೆ. ನೀವು ಮೊದಲೇ ಅದನ್ನೇ ಕೇಳಿ. ಅಂಚಿನ ಅಲ್ಯುಮಿನಿಯಂ ಪಟ್ಟಿ ಕೆಳಗೆ ಸಿಲಿಕೋನ್ ಬೇಡ, ರೆಕ್ಸಿನ್ನಿಗೆ ಅದು ಸರಿಯಾಗಿ ಹಿಡಿಯಲ್ಲ. ಬ್ಯುಟೈಲ್ ಟೇಪ್ ಹಾಕಿಸಿ, ನೀರು ನುಗ್ಗದಂತೆ ಸಂದು ಮುಚ್ಚುವ ಅಂಟಂಟು ರಬ್ಬರ್ ಪಟ್ಟಿ ಅದು.

ಸಾಣಾಪುರ ಕೆರೆ ಹತ್ತಿರ ಜೋರು ಮಳೆಯಲ್ಲಿ ಮಲಗಿ ನೋಡಿದ್ದೇವೆ. ಒಳಗೆ ಒಂದು ಹನಿ ಇಲ್ಲ. ತಗಡಿನ ಮೇಲೆ ಬಿದ್ದಂತೆ ಪಟಪಟ ಸದ್ದೂ ಇಲ್ಲ.

ಮಾಲಿಗೆ ಐದಕ್ಕೆ ನಾಲ್ಕು, ಅಂಗಡಿಗೆ ಮೂರು. ಚಾವಣಿಗೆ ಒಂದು ಹೊಲಿಗೆ ಹಾಕದಿದ್ದರೂ ಬಿಲ್ಲಿನಲ್ಲಿ ಹೊಲಿಗೆ ಕೂಲಿ ಬರೆದಿದ್ದರು. ಟೈಲರ್ ಮುಂದೆ! ಅಲ್ಲೇ ನಿಂತು ಆ ಸಾಲು ಹೊಡೆದು ಹಾಕಿಸಿದೆ.