ಮೋಡಸ್ ಥೀಮ್: ಆಪ್ಷನ್ ಕಡಿಮೆಯಾಯ್ತು, ಹಿಡಿತ ಜಾಸ್ತಿಯಾಯ್ತು

ಪ್ರೊಟೆಸಿಲಾಓಸ್ ಸ್ಟಾವ್ರೂ ಮಾಡಿರುವ ಮೋಡಸ್ ಥೀಮ್‌ಗಳು (ಬಣ್ಣದ ವಿನ್ಯಾಸಗಳು) ಈಮ್ಯಾಕ್ಸ್ ಎಂಬ ಪಠ್ಯ ಎಡಿಟರ್‌ನ 28ನೇ ಆವೃತ್ತಿಯಿಂದ ಅದರ ಜೊತೆಗೇ ಬರುತ್ತಿವೆ. ಬಿಳಿ ಹಿನ್ನೆಲೆಗೆ ಆಪರಾಂಡಿ, ಕಪ್ಪಿಗೆ ವಿವೆಂಡಿ. ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 7:1 ಕಾಂಟ್ರಾಸ್ಟ್ ಇರುವುದರಿಂದ ಕಾಮೆಂಟ್ (ಕೋಡ್ ನಡುವಿನ ಟಿಪ್ಪಣಿ) ಕೂಡ ಮಂಕಾಗದೆ ಓದಲು ಸಿಗುತ್ತದೆ.

ಮೊದಲು ಇದರಲ್ಲಿ ಮೋಡ್‌ಲೈನ್‌ಗೊಂದು (ಕಿಟಕಿಯ ಕೆಳಗಿನ ಮಾಹಿತಿ ಸಾಲು), ಲಿಂಕ್‌ಗೊಂದು ಅಂತ ಆಪ್ಷನ್‌ಗಳ ಸಂತೆಯೇ ಇತ್ತು. 4.0 ಆವೃತ್ತಿಯಲ್ಲಿ ಅವುಗಳಲ್ಲಿ ಬಹಳಷ್ಟನ್ನು ಕಿತ್ತು, ಬದಲಿಗೆ ಪ್ಯಾಲೆಟ್ ಓವರ್‌ರೈಡ್, ಅಂದರೆ ಥೀಮ್‌ನ ಬಣ್ಣಗಳ ಪಟ್ಟಿಯನ್ನು ನಾವೇ ತಿದ್ದುವ ಸೌಲಭ್ಯ, ಕೊಟ್ಟರು. ಹಳೆ ಬಳಕೆದಾರರು ಕಾನ್ಫಿಗ್ ತಿದ್ದಬೇಕಾಯಿತು, ನಿಜ. ಆದರೂ ಒಳ್ಳೆಯ ನಿರ್ಧಾರ.

ಪ್ಯಾಲೆಟ್‌ಗೆ ಎರಡು ಪದರ. ಕೆಳಗಿನದರಲ್ಲಿ ಬಣ್ಣದ ಹೆಸರು ಮತ್ತು ಅದರ ಹೆಕ್ಸ್ ಸಂಖ್ಯೆ. ಮೇಲಿನದರಲ್ಲಿ ಕೆಲಸದ ಹೆಸರು (ಕಾಮೆಂಟ್, ಸ್ಟ್ರಿಂಗ್ ಅಂದರೆ ಕೋಡ್‌ನಲ್ಲಿ ಕೋಟ್ ಒಳಗಿನ ಪಠ್ಯ, ಮೋಡ್‌ಲೈನ್ ಅಂಚು) ಮತ್ತು ಅದಕ್ಕೆ ಯಾವ ಬಣ್ಣ ಎಂಬುದು. ಕಾಮೆಂಟ್ ಹಳದಿ ಬೇಕೇ? ಓವರ್‌ರೈಡ್ ಪಟ್ಟಿಗೆ ಒಂದೇ ಜೋಡಿ ಸೇರಿಸಿದರೆ ಸಾಕು. ಮೋಡ್‌ಲೈನ್ ಅಂಚು ಬೇಡವೆಂದರೆ ಬಣ್ಣದ ಜಾಗದಲ್ಲಿ 'ಅನ್‌ಸ್ಪೆಸಿಫೈಡ್' ಬರೆಯಿರಿ. ಕಾಮನ್ ಪಟ್ಟಿಯಲ್ಲಿ ಹಾಕಿದ್ದು ಎಲ್ಲ ಮೋಡಸ್ ಥೀಮ್‌ಗೂ ತಗುಲುತ್ತದೆ, ಒಂದಕ್ಕೇ ಬೇಕಾದರೆ ಅದರದೇ ಪಟ್ಟಿ ಇದೆ.

ಈ ಮೇಲಿನ ಪದರ ಯಾಕೆ ಮುಖ್ಯ ಅನ್ನುವುದು ಬೇಸ್16 ಎಂಬ ಇನ್ನೊಂದು ಥೀಮ್ ಪದ್ಧತಿಯನ್ನು ಪಕ್ಕದಲ್ಲಿಟ್ಟರೆ ಗೊತ್ತಾಗುತ್ತದೆ. ಅಲ್ಲಿರುವುದು ಬಣ್ಣಕ್ಕೆ 16 ಜಾಗ ಮಾತ್ರ. ಥೀಮ್ ಬರೆಯುವವರಿಗೆ ಅದಕ್ಕಿಂತ ಸುಲಭ ಇಲ್ಲ. ಆದರೆ 0ಬಿ ಎಂಬ ಜಾಗದ ಬಣ್ಣವೇ ಸ್ಟ್ರಿಂಗ್‌ಗೂ, ಡಿಫ್‌ನಲ್ಲಿ (ಫೈಲ್‌ನ ಎರಡು ಆವೃತ್ತಿಗಳ ವ್ಯತ್ಯಾಸ ತೋರಿಸುವ ನೋಟ) ಹೊಸದಾಗಿ ಸೇರಿದ ಸಾಲಿಗೂ. ಸ್ಟ್ರಿಂಗ್ ನೇರಳೆ ಮಾಡಲು ಹೋದರೆ ಡಿಫ್ ಕೂಡ ನೇರಳೆ!

ಎಡವುವ ಕಡೆಗಳೂ ಇವೆ. ಓವರ್‌ರೈಡನ್ನು ಥೀಮ್ ಲೋಡ್ ಆಗುವ ಮೊದಲೇ ಬರೆದಿಡಬೇಕು. ನಂತರ ಬರೆದರೆ, ಮತ್ತೆ ಲೋಡ್ ಮಾಡುವ ತನಕ ಏನೂ ಬದಲಾಗದು. ಈಮ್ಯಾಕ್ಸ್ ಒಂದು ಥೀಮ್ ಮೇಲೆ ಇನ್ನೊಂದನ್ನು ಪೇರಿಸುವುದರಿಂದ, ಹಳೆಯದನ್ನು ಡಿಸೇಬಲ್ ಮಾಡದಿದ್ದರೆ ಅದರ ಬಣ್ಣ ಅಲ್ಲಲ್ಲಿ ಇಣುಕುತ್ತದೆ. ಇನ್ನು ಕೆಳಪದರದ ಕೆಂಪನ್ನೇ ತಿದ್ದಿದರೆ ಅದನ್ನು ನಂಬಿದ ಎಲ್ಲವೂ ಬದಲಾಗುತ್ತದೆ, 7:1ರ ಭರವಸೆಯೂ ಅಲ್ಲಿಗೆ ಮುಗಿಯಿತು. ಮೇಲಿನ ಪದರಕ್ಕೆ ಮಾತ್ರ ಕೈಹಾಕಿ.

ಕೊರತೆ ಅಂದರೆ, ಯಾವುದಕ್ಕೆ ಏನು ಹೆಸರು ಎಂದು ಊಹಿಸಲಾಗದು. ಈ ಹೆಸರುಗಳನ್ನೆಲ್ಲ ತೋರಿಸುವ ಲಿಸ್ಟ್ ಕಲರ್ಸ್ ಆಜ್ಞೆಯ ಬಫರ್ (ಈಮ್ಯಾಕ್ಸ್‌ನಲ್ಲಿ ತೆರೆದ ಪುಟ) ಪಕ್ಕದಲ್ಲಿ ತೆರೆದಿರಲೇಬೇಕು. ಅಷ್ಟು ತಾಳ್ಮೆ ಇಲ್ಲದವರಿಗೆ ಫೇಂಟ್, ಇಂಟೆನ್ಸ್, ಕೂಲರ್, ವಾರ್ಮರ್ ಎಂಬ ಸಿದ್ಧ ಪಟ್ಟಿಗಳಿವೆ. ಕೆಂಪು-ಹಸಿರು ಗುರುತಿಸಲು ಕಷ್ಟವಿರುವವರು ಡ್ಯೂಟೆರನೋಪಿಯಾ ಆವೃತ್ತಿ ಹಾಕಿಕೊಳ್ಳಲಿ, ಅದರಲ್ಲಿ ಡಿಫ್ ನೀಲಿ-ಹಳದಿಯಲ್ಲಿ ಬರುತ್ತದೆ. ಟರ್ಮಿನಲ್‌ನಲ್ಲಿ 24-ಬಿಟ್ ಬಣ್ಣ ಇಲ್ಲದಿದ್ದರೆ ಮಾತ್ರ ಈ ಸೂಕ್ಷ್ಮ ಯಾವುದೂ ಕಾಣದು. ಈಮ್ಯಾಕ್ಸ್ ಹತ್ತಿರದ ಬಣ್ಣ ತುಂಬಿ ಸುಮ್ಮನಾಗುತ್ತದೆ.